ಒಂದೇ ಡಿಗ್ರಿ, ಬೇರೆ ಬೇರೆ ಸಾಲ: ನರ್ಸಿಂಗ್ ಸೀಟು ಹಿಡಿಯುವ ಮೊದಲು ಮಾಡಬೇಕಾದ ಲೆಕ್ಕ

ನಮ್ಮ ಆಸ್ಪತ್ರೆಯ ವಾರ್ಡಿಗೆ ಒಂದೇ ತಿಂಗಳಲ್ಲಿ ಇಬ್ಬರು ಹುಡುಗಿಯರು ಕೆಲಸಕ್ಕೆ ಸೇರಿದರು. ಇಬ್ಬರದೂ ಬಿಎಸ್ಸಿ ನರ್ಸಿಂಗ್. ಒಬ್ಬಳು ಸರ್ಕಾರಿ ಕಾಲೇಜಿನಲ್ಲಿ ಓದಿದವಳು. ಇನ್ನೊಬ್ಬಳ ಸೀಟು ಏಜೆಂಟ್ ಕೈಯಿಂದ ಬಂದದ್ದು. ಅವಳ ಅಪ್ಪ ಬ್ಯಾಂಕ್ ಸಾಲದ ಜೊತೆಗೆ ಅಮ್ಮನ ಬಳೆಯನ್ನೂ ಅಡವಿಟ್ಟಿದ್ದರು. ಇಬ್ಬರಿಗೂ ಸಿಕ್ಕ ಸಂಬಳ ಒಂದೇ, ತಿಂಗಳಿಗೆ 18 ಸಾವಿರ. ಒಂದು ವರ್ಷ ಕಳೆಯುವಷ್ಟರಲ್ಲಿ ಒಬ್ಬಳು ಮನೆಗೆ ದುಡ್ಡು ಕಳಿಸತೊಡಗಿದ್ದಳು. ಇನ್ನೊಬ್ಬಳು ಕಂತು ಕಟ್ಟಲು ಬೇರೆಯವರ ನೈಟ್ ಡ್ಯೂಟಿಯನ್ನೂ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದಳು.

ಕೆಲಸದಲ್ಲಿ ಎರಡನೆಯವಳು ಏನೂ ಕಮ್ಮಿ ಇರಲಿಲ್ಲ. ಕೈ ಚುರುಕು, ಪೇಷೆಂಟ್ ಜೊತೆ ಮಾತು ಮೃದು. ಅವಳಿಗೆ ತೊಂದರೆಯಾದದ್ದು ನಾಲ್ಕು ವರ್ಷ ಹಿಂದೆ ಒಂದು ಮಧ್ಯಾಹ್ನ ಯಾರೂ ಕೂತು ಮಾಡದೇ ಬಿಟ್ಟ ಲೆಕ್ಕದಿಂದ. ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಬೀದಿಯಲ್ಲೇ ಎರಡು ಮೂರು ಮನೆಯವರು ನನ್ನ ಹತ್ತಿರ ಬರುತ್ತಾರೆ. ಅವರ ಜೊತೆ ಕೂತು ಮಾಡುವ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿಗೆ ಹೋಗಬೇಕು. ನರ್ಸಿಂಗ್‌ನಲ್ಲಿ ಜಾಸ್ತಿ ಫೀ ಕಟ್ಟಿದವರಿಗೆ ಜಾಸ್ತಿ ಸಂಬಳ ಸಿಗುವುದಿಲ್ಲ. ಕರ್ನಾಟಕದ ಬಹುಪಾಲು ನರ್ಸಿಂಗ್ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಸಿಲೆಬಸ್ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಡಿಗ್ರಿ ಸರ್ಟಿಫಿಕೇಟ್ ಮೇಲಿನ ಹೆಸರೂ ಒಂದೇ. ಮುಗಿದ ಮೇಲೆ ಎಲ್ಲರೂ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲೇ ನೋಂದಣಿ ಮಾಡಿಸಬೇಕು. ಆಸ್ಪತ್ರೆಯ ಎಚ್‌ಆರ್‌ನವರು ನೋಂದಣಿ ಇದೆಯಾ, ಅನುಭವ ಎಷ್ಟು, ಐಸಿಯು ಗೊತ್ತಾ, ಓಟಿ (ಆಪರೇಷನ್ ಥಿಯೇಟರ್) ಗೊತ್ತಾ ಅಂತ ಕೇಳುತ್ತಾರೆ. ಫೀ ಎಷ್ಟು ಕಟ್ಟಿದ್ದೆ ಅಂತ ಯಾರೂ ಕೇಳುವುದಿಲ್ಲ. ಎಂಜಿನಿಯರಿಂಗ್‌ನಲ್ಲಿ ಕಾಲೇಜಿನ ಹೆಸರು ನೋಡಿ ಕಂಪನಿಗಳು ಕ್ಯಾಂಪಸ್ಸಿಗೆ ಬರುತ್ತವೆ, ಅಲ್ಲಿ ದುಬಾರಿ ಸೀಟಿಗೆ ಕೆಲವೊಮ್ಮೆ ಒಂದು ಅರ್ಥ ಇರಬಹುದು. ನಮ್ಮಲ್ಲಿ ಆ ವ್ಯತ್ಯಾಸ ತೀರಾ ಸಣ್ಣದು.

ಆದರೆ ಫೀಯಲ್ಲಿ ಮಾತ್ರ ಅಜಗಜಾಂತರ. ರಾಜ್ಯದಲ್ಲಿ 2023ರಿಂದ ಬಿಎಸ್ಸಿ ನರ್ಸಿಂಗ್ ಸೀಟುಗಳೂ ಸಿಇಟಿ ಮೂಲಕ, ಅಂದರೆ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಸಿಗುತ್ತಿವೆ. 2025ರಲ್ಲಿ ಇದ್ದ ದರ ನೋಡಿ. ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 10 ಸಾವಿರ. ಮ್ಯಾನೇಜ್‌ಮೆಂಟ್ ಸೀಟಿಗೆ ಕರ್ನಾಟಕದವರಿಗೆ 1 ಲಕ್ಷ, ಹೊರರಾಜ್ಯದವರಿಗೆ 1 ಲಕ್ಷ 40 ಸಾವಿರ. ಡೀಮ್ಡ್ ವಿಶ್ವವಿದ್ಯಾಲಯಗಳ ದರ ಬೇರೆಯೇ. ಒಂದೇ ಬೆಂಚಿನ ಮೇಲೆ ಕೂತ ಇಬ್ಬರ ನಡುವೆ ಹತ್ತು ಪಟ್ಟು ವ್ಯತ್ಯಾಸ! ಇಬ್ಬರೂ ಬರೆಯುವುದು ಅದೇ ಪರೀಕ್ಷೆಯನ್ನೇ ಅಲ್ವಾ?

ಸಾಲದ ಲೆಕ್ಕ

ಬ್ಯಾಂಕ್‌ನವರು ಹೇಳುವಾಗ ಎಜುಕೇಶನ್ ಲೋನ್ ತುಂಬಾ ಸುಲಭ ಅನ್ನಿಸುತ್ತದೆ. ಓದುವಾಗ ಕಟ್ಟಬೇಕಿಲ್ಲ, ಓದು ಮುಗಿದು ಒಂದು ವರ್ಷ ಆದ ಮೇಲೆ ಕಂತು ಶುರು, 15 ವರ್ಷದವರೆಗೆ ತೀರಿಸಬಹುದು ಅನ್ನುತ್ತಾರೆ. ಎಲ್ಲಾ ನಿಜ. ಕಂತು ಕಟ್ಟದ ಆ ಅವಧಿಗೆ ಮೊರಟೋರಿಯಂ ಅನ್ನುತ್ತಾರೆ. ಆದರೆ ಆ ಐದು ವರ್ಷವೂ ಬಡ್ಡಿ ಸುಮ್ಮನೆ ಕೂರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಇದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಫೀ, ಹಾಸ್ಟೆಲ್, ಪುಸ್ತಕ, ಯೂನಿಫಾರ್ಮ್ ಎಲ್ಲಾ ಸೇರಿ ವರ್ಷಕ್ಕೆ 1 ಲಕ್ಷ 25 ಸಾವಿರದಂತೆ ನಾಲ್ಕು ವರ್ಷಕ್ಕೆ 5 ಲಕ್ಷ ಸಾಲ. ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳಿ. ಮೊದಲ ವರ್ಷ ತೆಗೆದ ಹಣಕ್ಕೆ ಐದು ವರ್ಷದ ಬಡ್ಡಿ, ಅಂದರೆ 62,500. ಎರಡನೇ ವರ್ಷದ ಹಣಕ್ಕೆ 50,000. ಮೂರನೇದಕ್ಕೆ 37,500. ನಾಲ್ಕನೇದಕ್ಕೆ 25,000. ಒಟ್ಟು 1 ಲಕ್ಷ 75 ಸಾವಿರ. ಇದು ಬರೀ ಸರಳ ಬಡ್ಡಿ. ಮೊದಲ ಕಂತು ಕಟ್ಟುವ ದಿನ ಸಾಲ 5 ಲಕ್ಷ ಇರುವುದಿಲ್ಲ, 6 ಲಕ್ಷ 75 ಸಾವಿರ ಆಗಿರುತ್ತದೆ. ಅದನ್ನು 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 8,920 ರೂಪಾಯಿ. 15 ವರ್ಷಕ್ಕೆ ಎಳೆದರೆ ತಿಂಗಳಿಗೆ 7,254ಕ್ಕೆ ಇಳಿಯುತ್ತದೆ. ಆದರೆ ಕೊನೆಗೆ ಕಟ್ಟಿದ ಮೊತ್ತ 13 ಲಕ್ಷ ದಾಟಿರುತ್ತದೆ.

ಈಗ ಸಂಬಳದ ಕಡೆ ಬನ್ನಿ. ಕೈಗೆ 18 ಸಾವಿರ ಬರುತ್ತದೆ ಅಂದುಕೊಳ್ಳೋಣ. ಬೆಂಗಳೂರಿನಲ್ಲಿ ಊಟ ಸೇರಿ ಪಿಜಿಗೆ 7,500. ಬಸ್ಸು, ಫೋನು, ಸೋಪು, ಸಣ್ಣಪುಟ್ಟದಕ್ಕೆ 1,500. ಉಳಿದದ್ದು 9,000. ಅದರಲ್ಲಿ 8,920 ಕಂತಿಗೆ ಹೋದರೆ ಕೈಯಲ್ಲಿ 80 ರೂಪಾಯಿ. ಅವಳು ಊರಿಗೆ ಹೋಗಿ ಬರಲೂ ಆಗುವುದಿಲ್ಲ. ಒಂದು ತಿಂಗಳು ಟೈಫಾಯ್ಡ್ ಬಂದು ಮಲಗಿದರೆ ಕಂತು ತಪ್ಪುತ್ತದೆ. ಸಾಲದಲ್ಲಿ ಅಪ್ಪನೂ ಸಹಿ ಮಾಡಿರುತ್ತಾರೆ. ಕಂತು ತಪ್ಪಿದರೆ ಸಾಲ ಸರಿಯಾಗಿ ಕಟ್ಟುತ್ತಾರಾ ಅಂತ ಬ್ಯಾಂಕುಗಳು ನೋಡುವ ಸಿಬಿಲ್ ಸ್ಕೋರ್ ಇಬ್ಬರದೂ ಬೀಳುತ್ತದೆ, ನಾಳೆ ತಮ್ಮನ ಓದಿಗೆ ಸಾಲ ಕೇಳಿದಾಗ ಅದೇ ಅಡ್ಡ ಬರುತ್ತದೆ.

ಅದಕ್ಕೇ ನಾನು ಲೆಕ್ಕವನ್ನು ತಿರುಗಿಸಿ ಮಾಡಲು ಹೇಳುತ್ತೇನೆ. ಸಾಲ ಎಷ್ಟು ಸಿಗುತ್ತದೆ ಅಂತ ಶುರು ಮಾಡಬೇಡಿ, ಮೊದಲ ಸಂಬಳದಿಂದ ಶುರು ಮಾಡಿ. ಕಂತು ಕೈಗೆ ಬರುವ ಸಂಬಳದ ಕಾಲುಭಾಗ ದಾಟಬಾರದು, ಇದು ನನ್ನ ಅಳತೆ. 18 ಸಾವಿರದ ಕಾಲುಭಾಗ 4,500. ಮೇಲಿನದೇ ಬಡ್ಡಿ, 10 ವರ್ಷದ ಅವಧಿ ಹಿಡಿದರೆ ನಾಲ್ಕು ವರ್ಷಕ್ಕೂ ಸೇರಿ ಸುಮಾರು ಎರಡೂವರೆ ಲಕ್ಷ ಸಾಲ ಮಾಡಬಹುದು. 15 ವರ್ಷ ಹಿಡಿದರೂ 3 ಲಕ್ಷದ ಆಸುಪಾಸು. ಅದಕ್ಕಿಂತ ಜಾಸ್ತಿ ಬೇಕಾದರೆ ಆ ಹಣ ಸಾಲದಿಂದ ಬರಬಾರದು. ಮನೆಯಲ್ಲಿ ಉಳಿತಾಯ ಇರಬೇಕು, ಸ್ಕಾಲರ್‌ಶಿಪ್ ಇರಬೇಕು, ಇಲ್ಲದಿದ್ದರೆ ಕಾಲೇಜು ಬದಲಾಗಬೇಕು. 8 ಲಕ್ಷ ಸಾಲ ಮಾಡಿ ಓದಿಸುತ್ತೇವೆ ಅಂತ ಬಂದವರಿಗೆ ನಾನು ಕಾಗದದ ಮೇಲೆ ಬರೆದು ತೋರಿಸುತ್ತೇನೆ: 10 ವರ್ಷದ ಕಂತು 14 ಸಾವಿರ ದಾಟುತ್ತದೆ. ಮಗಳ ಮೊದಲ ಸಂಬಳ ಎಷ್ಟು ಅಂತ ಅವರೇ ಪಕ್ಕದಲ್ಲಿ ಬರೆಯಲಿ.

ಬಡ್ಡಿಯ ಭಾರ ಇಳಿಸುವ ಒಂದು ದಾರಿ ಇದೆ. ಓದುವಾಗಲೇ ಬರೀ ಬಡ್ಡಿಯನ್ನು ಕಟ್ಟುತ್ತಾ ಹೋಗುವುದು. 5 ಲಕ್ಷದ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ ಸಾವಿರದ ಚಿಲ್ಲರೆ, ನಾಲ್ಕನೇ ವರ್ಷ 4 ಸಾವಿರ ದಾಟುತ್ತದೆ. ಕೈಲಾದರೆ ಕಟ್ಟಿ. ಕಂತು 8,920ರ ಬದಲು 6,608ಕ್ಕೆ ಇಳಿಯುತ್ತದೆ. ಹೀಗೆ ಕಟ್ಟುವವರಿಗೆ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಶೇ. 1ರಷ್ಟು ಬಡ್ಡಿ ರಿಯಾಯಿತಿಗೂ ಅವಕಾಶ ಇದೆ. ಹಲವು ಸರ್ಕಾರಿ ಬ್ಯಾಂಕುಗಳಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಪರ್ಸೆಂಟ್ ಕಮ್ಮಿ. ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಎಷ್ಟೋ ಸಲ ಯಾರೂ ಹೇಳುವುದಿಲ್ಲ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತರಿ ಯೋಜನೆ ಇರುವುದರಿಂದ, ಅದರಡಿ ಕೊಡುವ ಸಾಲಕ್ಕೆ ಮನೆ ಪತ್ರ, ಜಮೀನಿನ ಪಹಣಿ ಅಡವಿಡಬೇಕಾಗಿಲ್ಲ.

ಬಡ್ಡಿ ಸಹಾಯಧನದ ಯೋಜನೆಗಳೂ ಇವೆ, ಆದರೆ ಅವನ್ನು ನಂಬಿ ಸೀಟು ಹಿಡಿಯಬೇಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇರುವವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಆದರೆ ಅದು ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಆಯ್ದ ಸಂಸ್ಥೆಗಳಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಅನ್ನುವ ಮಾತೂ ಕೇಳುತ್ತೀರಿ. 18 ಸಾವಿರ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ, ವಿನಾಯಿತಿಯಿಂದ ಏನೂ ಸಿಗುವುದಿಲ್ಲ.

ಇನ್ನೊಂದು ಕಿವಿಮಾತು. ಕಾಲೇಜಿನವರಿಗೆ ಹೀಗೆ ಕೇಳಿ: ಬ್ಯಾಂಕಿಗೆ ಕೊಡಬೇಕು, ನಾಲ್ಕು ವರ್ಷದ ಒಟ್ಟು ಫೀಯನ್ನು ಲೆಟರ್‌ಹೆಡ್ ಮೇಲೆ ಬರೆದುಕೊಡಿ. ಆ ಕಾಗದದಲ್ಲಿ ಒಂದು ಮೊತ್ತ, ಬಾಯಿಮಾತಿನಲ್ಲಿ ಇನ್ನೊಂದು ಮೊತ್ತ ಬಂದರೆ ಅಲ್ಲಿಗೇ ಎಚ್ಚರ ಆಗಿ. ಕಾಗದದಲ್ಲಿ ಇಲ್ಲದ ಹಣಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಅದನ್ನು ಹೊಂದಿಸಲು ಮನೆಯವರು ಬಂಗಾರ ಅಡವಿಡುತ್ತಾರೆ, ಕೈಸಾಲ ಮಾಡುತ್ತಾರೆ. ಆ ಸಾಲಕ್ಕೆ ಮೊರಟೋರಿಯಂ ಇಲ್ಲ, ಮುಂದಿನ ತಿಂಗಳಿನಿಂದಲೇ ಬಡ್ಡಿ. ನಮ್ಮ ಎರಡನೇ ಹುಡುಗಿಯ ಮನೆಯಲ್ಲಿ ಆದದ್ದು ಇದೇ. ಅವಳ ಅಮ್ಮನ ಬಳೆ ಇನ್ನೂ ವಾಪಸ್ ಬಂದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್‌ಗಳ ಅಸಲು ಪ್ರತಿಗಳನ್ನೂ ಸುಮ್ನೆ ಬಿಟ್ಟುಬರಬೇಡಿ. ನನಗೆ ಗೊತ್ತಿರುವ ಒಬ್ಬ ಹುಡುಗ ಎರಡನೇ ವರ್ಷದಲ್ಲಿ ಓದು ಬಿಡಬೇಕಾಗಿ ಬಂದಾಗ, ಉಳಿದ ವರ್ಷಗಳ ಫೀ ಕಟ್ಟದೆ ಅವನ್ನು ಕೊಡುವುದಿಲ್ಲ ಅಂತ ಅವನ ಕಾಲೇಜು ತಿಂಗಳುಗಟ್ಟಲೆ ಅಲೆಸಿತು.

ಸಂಬಳ ಯಾಕೆ ಹೀಗಿದೆ

ಸರ್ಕಾರಿ ನರ್ಸ್ ಮತ್ತು ಖಾಸಗಿ ನರ್ಸ್ ಸಂಬಳದ ನಡುವೆ ಇರುವ ಕಂದಕವನ್ನು ಅರ್ಥ ಮಾಡಿಕೊಳ್ಳದೆ ಈ ಲೆಕ್ಕ ಪೂರ್ತಿ ಆಗುವುದಿಲ್ಲ. ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳಲ್ಲಿ ನರ್ಸಿಂಗ್ ಆಫೀಸರ್‌ಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 44,900 ರೂಪಾಯಿಯಿಂದ ಶುರು. ಡಿಎ, ಮನೆ ಬಾಡಿಗೆ, ನರ್ಸಿಂಗ್ ಭತ್ಯೆ ಸೇರಿದರೆ ಒಟ್ಟು ಸಂಬಳ 70 ಸಾವಿರ ದಾಟುತ್ತದೆ. ಖಾಸಗಿಯಲ್ಲಿ ಅದೇ ಡಿಗ್ರಿಗೆ, ಅದಕ್ಕಿಂತ ಜಾಸ್ತಿ ಪೇಷೆಂಟ್ ನೋಡಿ, ಅದರ ಕಾಲುಭಾಗ.

ಇದರ ಬಗ್ಗೆ ಭಾರತೀಯ ತರಬೇತಿ ಪಡೆದ ದಾದಿಯರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2016ರ ಜನವರಿಯಲ್ಲಿ ಕೋರ್ಟ್ ಹೇಳಿದಂತೆ ಕೇಂದ್ರ ಸರ್ಕಾರ ಸಮಿತಿ ಮಾಡಿತು. ಆ ಸಮಿತಿ ಹೇಳಿದ್ದು ಸ್ಪಷ್ಟವಾಗಿದೆ. 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಖಾಸಗಿ ಆಸ್ಪತ್ರೆ ಆ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು. 100 ದಾಟಿದ್ದರೆ ಶೇ. 10ಕ್ಕಿಂತ ಜಾಸ್ತಿ ಕಮ್ಮಿ ಇರಬಾರದು. 50ರಿಂದ 100 ಹಾಸಿಗೆಯವರಿಗೆ ಶೇ. 25ರ ಮಿತಿ. 50ಕ್ಕಿಂತ ಸಣ್ಣ ಆಸ್ಪತ್ರೆಯಲ್ಲೂ 20 ಸಾವಿರಕ್ಕೆ ಕಮ್ಮಿ ಆಗಬಾರದು. ಆದರೆ ಆರೋಗ್ಯ ರಾಜ್ಯಗಳಿಗೆ ಸೇರಿದ ವಿಷಯ, ಜಾರಿ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಹೋಯಿತು. ಸಮಿತಿ ಹೇಳಿ ಇಷ್ಟು ವರ್ಷ ಆದ ಮೇಲೂ ದೊಡ್ಡ ಕಟ್ಟಡದ ಆಸ್ಪತ್ರೆಗಳಲ್ಲೇ 20 ಸಾವಿರದ ಕೆಳಗೆ ಕೆಲಸ ಮಾಡುವ ಹುಡುಗಿಯರನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ. ಈ ಸಂಬಳ ಏರಲೇಬೇಕು. ಆದರೆ ಏರುತ್ತದೆ ಅನ್ನುವ ಆಸೆಯ ಮೇಲೆ ಇವತ್ತೇ ಸಾಲ ಮಾಡಬಾರದು.

ಸರ್ಕಾರಿ ಕೆಲಸದ ಸಂಬಳ ಹಿಡಿದು ಲೆಕ್ಕ ಮಾಡಬಹುದಾ? ಬೇಡ ಅನ್ನುತ್ತೇನೆ. ಆ ಪರೀಕ್ಷೆಗಳಿಗೆ ದೇಶದ ಮೂಲೆಮೂಲೆಯಿಂದ ಮಕ್ಕಳು ಬರೆಯುತ್ತಾರೆ. ಪ್ರಯತ್ನ ಮಾಡಲೇಬೇಕು, 30 ವರ್ಷದೊಳಗೆ ಮಾಡಬೇಕು. ಆದರೆ ಸಿಗದೇ ಹೋದರೂ ಕಂತು ಕಟ್ಟಲು ಆಗುವಷ್ಟೇ ಸಾಲ ಇರಬೇಕು.

ವಿದೇಶದ ಮಾತು

ಬ್ಯಾನರ್‌ಗಳ ಮೇಲೆ ವಿಮಾನದ ಚಿತ್ರ ಇರುತ್ತದೆ. ಜರ್ಮನಿ, ಇಂಗ್ಲೆಂಡ್, ಗಲ್ಫ್. ಹೋದವರು ಚೆನ್ನಾಗಿ ದುಡಿಯುತ್ತಿದ್ದಾರೆ, ಅದರಲ್ಲಿ ಸುಳ್ಳಿಲ್ಲ. ಕರಾವಳಿಯಲ್ಲಿ ಗಲ್ಫಿಗೆ ಹೋಗಿ ಮನೆ ಕಟ್ಟಿದ ಸಿಸ್ಟರ್‌ಗಳು ಎಷ್ಟೋ ಜನ. ಸಮಸ್ಯೆ ಇರುವುದು ಸಮಯದಲ್ಲಿ. ಗಲ್ಫಿನ ಬಹಳಷ್ಟು ಕೆಲಸಗಳಿಗೆ ಮೊದಲು ಎರಡು ವರ್ಷದ ಅನುಭವ ಕೇಳುತ್ತಾರೆ. ಜರ್ಮನಿಯಲ್ಲಿ ನರ್ಸ್ ಅಂತ ಪೂರ್ತಿ ಮಾನ್ಯತೆ ಸಿಗಲು ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ2 ಮಟ್ಟಕ್ಕೆ, ಅಂದರೆ ಆರು ಮಟ್ಟಗಳಲ್ಲಿ ನಾಲ್ಕನೆಯದಕ್ಕೆ ಬರಬೇಕು. ಅ ಆ ಇ ಈಯಿಂದ ಶುರು ಮಾಡುವವರಿಗೆ ಅದು ಸುಮಾರು ಒಂದು ವರ್ಷದ ದುಡಿಮೆ. ಇಂಗ್ಲೆಂಡಿಗೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 7, ಬರವಣಿಗೆಯಲ್ಲಿ ಆರೂವರೆ ಬೇಕು, ಅದರ ಬದಲು ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಓಇಟಿ ಕೂಡ ನಡೆಯುತ್ತದೆ. ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಪ್ರಾಯೋಗಿಕ ಪರೀಕ್ಷೆ.

ಈಗ ಬ್ಯಾಂಕಿನ ಕ್ಯಾಲೆಂಡರ್ ಜೊತೆ ಇಟ್ಟು ನೋಡಿ. ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರು. ಆ ಹೊತ್ತಿಗೆ ಅವಳು ಇನ್ನೂ ಇಲ್ಲೇ ಇರುತ್ತಾಳೆ. ಅನುಭವ ಮಾಡಿಕೊಳ್ಳುತ್ತಿರುತ್ತಾಳೆ ಅಥವಾ ಭಾಷೆ ಕಲಿಯುತ್ತಿರುತ್ತಾಳೆ, ಕ್ಲಾಸಿಗೆ ಬೇರೆ ದುಡ್ಡು ಬೇಕು. ಅಂದರೆ ವಿದೇಶಕ್ಕೆ ಹೋಗುವವಳೂ ಮೊದಲ ಒಂದೆರಡು ವರ್ಷದ ಕಂತನ್ನು ಇಲ್ಲಿನ ಸಂಬಳದಲ್ಲೇ ಕಟ್ಟಬೇಕು. ಮನೆಯ ಸಾಲ ಜಾಸ್ತಿ ಆಗಿ, ಜರ್ಮನ್ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಎರಡು ಕಡೆ ಡ್ಯೂಟಿ ಮಾಡಿದವರನ್ನು ನಾನು ನೋಡಿದ್ದೇನೆ. ಸಾಲ ಕಮ್ಮಿ ಇದ್ದವರಿಗೆ ವಿದೇಶದ ದಾರಿ ಬೇಗ ತೆರೆಯುತ್ತದೆ. ಕಾಲೇಜು ಫೀಯಲ್ಲಿ ಉಳಿಸಿದ ಒಂದು ಲಕ್ಷ ಭಾಷೆಯ ಕ್ಲಾಸಿಗೆ ಹೋದರೆ ಅದು ಸಂಬಳವನ್ನು ನಿಜವಾಗಿ ಏರಿಸುವ ಖರ್ಚು.

ಹೋಗುವ ಹೊತ್ತಿಗೆ ಏಜೆಂಟ್‌ಗಳ ವಿಷಯದಲ್ಲಿ ಎರಡು ಮಾತು ನೆನಪಿರಲಿ. ಭಾರತದಲ್ಲಿ ಪರವಾನಗಿ ಪಡೆದ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30 ಸಾವಿರ, ಅದರ ಮೇಲೆ ಜಿಎಸ್‌ಟಿ. ಇಂಗ್ಲೆಂಡಿನ ನೇಮಕಾತಿ ನಿಯಮದಲ್ಲಿ ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ಕೇಳುವಂತೆಯೇ ಇಲ್ಲ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಎಲ್ಲಿ ಖರ್ಚು ಮಾಡಬಹುದು

ಹಾಗಾದರೆ ಯಾವ ಕಾಲೇಜಾದರೂ ಒಂದೇನಾ? ಖಂಡಿತ ಅಲ್ಲ. ಒಂದು ವಿಷಯಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ತಪ್ಪಿಲ್ಲ, ಅದು ಆಸ್ಪತ್ರೆ. ನರ್ಸ್ ತಯಾರಾಗುವುದು ವಾರ್ಡಿನಲ್ಲಿ. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಬೋರ್ಡ್ ಇರುತ್ತದೆ, ಕೆಲವು ಕಡೆ ಹಾಸಿಗೆಯೂ ಇರುತ್ತದೆ, ಪೇಷೆಂಟ್ ಇರುವುದಿಲ್ಲ. ಅಂಥ ಕಡೆ ನಾಲ್ಕು ವರ್ಷ ಓದಿದವರು ಐವಿ ಹಾಕಲು ಕೈ ನಡುಗಿ ನಿಲ್ಲುತ್ತಾರೆ, ಇಂಟರ್‌ವ್ಯೂನಲ್ಲಿ ಅದು ಎರಡೇ ನಿಮಿಷಕ್ಕೆ ಗೊತ್ತಾಗುತ್ತದೆ. ದಿನವೂ ತುಂಬಿ ತುಳುಕುವ ಜಿಲ್ಲಾಸ್ಪತ್ರೆಗೆ ಪೋಸ್ಟಿಂಗ್, ಅಂದರೆ ವಾರ್ಡಿನ ತರಬೇತಿಗೆ ಕಳಿಸುವ ಸಾದಾ ಕಾಲೇಜು, ಎಸಿ ಕ್ಲಾಸ್‌ರೂಮಿನ ದುಬಾರಿ ಕಾಲೇಜಿಗಿಂತ ಎಷ್ಟೋ ಮೇಲು. ಪಾಸ್ ಆಗುವವರ ಪ್ರಮಾಣವನ್ನೂ ಕೇಳಿ. ಒಂದು ಸೆಮಿಸ್ಟರ್ ಹಿಂದೆ ಬಿದ್ದರೆ ಆರು ತಿಂಗಳ ಸಂಬಳ ಹೋಯಿತು, ಬಡ್ಡಿಯೂ ಆರು ತಿಂಗಳು ಜಾಸ್ತಿ ಓಡಿತು.

ಸಾಲವೇ ಇಲ್ಲದ ಅಥವಾ ಕಮ್ಮಿ ಸಾಲದ ದಾರಿಗಳನ್ನು ಮೊದಲು ಮುಗಿಸಿ ನೋಡಿ. ಬೆಂಗಳೂರಿನ ಸರ್ಕಾರಿ ನರ್ಸಿಂಗ್ ಕಾಲೇಜು, ನಿಮ್ಹಾನ್ಸ್, ಸಿಇಟಿಯ ಸರ್ಕಾರಿ ಕೋಟಾ. ಸೇನೆಯ ನರ್ಸಿಂಗ್ ಸೇವೆ ಇನ್ನೊಂದು. ಅವಿವಾಹಿತ ಹೆಣ್ಣುಮಕ್ಕಳಿಗೆ ನಾಲ್ಕು ವರ್ಷದ ಬಿಎಸ್ಸಿ, ಸರ್ಕಾರದ ಖರ್ಚಿನಲ್ಲಿ. ಮುಗಿದ ಮೇಲೆ ಸೇನೆಯಲ್ಲಿ ಅಧಿಕಾರಿಯಾಗಿ ಕೆಲಸ, ಇಷ್ಟು ವರ್ಷ ಇರಬೇಕು ಅನ್ನುವ ಬಾಂಡ್ ಇರುತ್ತದೆ. ದೇಶದಲ್ಲಿರುವ ಆರು ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ಇದಕ್ಕೆ ನೀಟ್ ಅಂಕ ಬೇಕು, ಆದ್ದರಿಂದ ನರ್ಸಿಂಗ್ ಓದುವವರೂ ನೀಟ್ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಕಡೆ ಇದು ಗೊತ್ತಿರುವವರೇ ಕಮ್ಮಿ.

ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾವನ್ನೂ ಕೀಳಾಗಿ ಕಾಣಬೇಡಿ. ಒಂದು ವರ್ಷ ಫೀ ಉಳಿಯುತ್ತದೆ, ಒಂದು ವರ್ಷ ಮುಂಚೆ ಸಂಬಳ ಬರುತ್ತದೆ. 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಅನುಭವ ಆದರೆ ಏಮ್ಸ್ ಪರೀಕ್ಷೆಗೂ ಅರ್ಹತೆ ಬರುತ್ತದೆ. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಕೈಯಲ್ಲಿ ದುಡ್ಡಿಲ್ಲದ ಮನೆಗೆ ಇದು ಮರ್ಯಾದೆಯ ದಾರಿ. ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷವೂ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅವರ ನಿಗಮ ಕೊಡುವ ಅರಿವು ಸಾಲಕ್ಕೆ ಬಡ್ಡಿ ಶೇ. 2 ಮಾತ್ರ. ಸಿಇಟಿ ಸೀಟಿನವರು ಬ್ಯಾಂಕಿಗೆ ಹೋಗುವ ಮೊದಲು ನಿಗಮದ ಜಿಲ್ಲಾ ಕಚೇರಿಗೆ ಹೋಗಿ ಕೇಳಬೇಕು.

ಕಾಲೇಜು ನೋಡಲು ಹೋದ ದಿನ ಆಫೀಸಿನಲ್ಲಿ ಕಾಫಿ ಕೊಟ್ಟು ಕೂರಿಸುತ್ತಾರೆ, ಲ್ಯಾಬ್ ತೋರಿಸುತ್ತಾರೆ. ಅದು ಮುಗಿದ ಮೇಲೆ ಬೇಗ ಹೊರಡಬೇಡಿ. ಮಗಳನ್ನೂ ಕರೆದುಕೊಂಡು ಹಾಸ್ಟೆಲ್ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಪೋಸ್ಟಿಂಗ್ ಮುಗಿಸಿದ ಸೀನಿಯರ್‌ಗಳು ಬಸ್ಸಿನಿಂದ ಇಳಿಯುತ್ತಾರೆ. ಅವರಿಗೆ ಎರಡು ಪ್ರಶ್ನೆ ಕೇಳಿ. ಇವತ್ತು ನಿಮ್ಮ ವಾರ್ಡಿನಲ್ಲಿ ಎಷ್ಟು ಪೇಷೆಂಟ್ ಇದ್ದರು? ಹೋದ ವರ್ಷ ಮುಗಿಸಿದ ಅಕ್ಕಂದಿರು ಈಗ ಎಲ್ಲಿದ್ದಾರೆ, ಕೈಗೆ ಎಷ್ಟು ಬರುತ್ತಿದೆ? ಅವರು ಹೇಳಿದ ಸಂಬಳವನ್ನು ಬರೆದುಕೊಂಡು, ನಾಲ್ಕರಿಂದ ಭಾಗಿಸಿ, ಆಮೇಲೆ ಬ್ಯಾಂಕಿಗೆ ಹೋಗಿ.